ಶುಕ್ರವಾರದ ಯುವಕ, ರವಿವಾರದ ಯುವಕ

ನನ್ನ ಸ್ನೇಹಿತರೊಬ್ಬರ ಮಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಪ್ರಾಯ ಇಪ್ಪತ್ತನಾಲ್ಕು. ಕಳೆದ ಸಲ ರಜೆಯಲ್ಲಿ ಊರಿಗೆ ಬಂದಿದ್ದಾಗ ಇಶಾ ನಮಾಝ್‌ನ ಬಳಿಕ ಮಸೀದಿಯ ಜಗಲಿಯಲ್ಲಿ ನನ್ನ ಪಕ್ಕದಲ್ಲಿ ಬಂದು ಕುಳಿತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾ, ನಾನು ಮುನಾಫಿಕ್ ಆಗಿಬಿಟ್ಟೆನೇ?" ಎಂದು ಕೇಳಿದ.

ನಡೆದದ್ದು ಇಷ್ಟು. ಒಂದು ಶನಿವಾರ ಮಧ್ಯರಾತ್ರಿ ಕಳೆದ ಮೇಲೆ ಅವನೂ ಅವನ ಸಹೋದ್ಯೋಗಿಗಳೂ ಬೈಕ್‌ಗಳಲ್ಲಿ ನಂದಿ ಬೆಟ್ಟಕ್ಕೆ ಹೊರಟರು. ಸುಮಾರು 60 ಕಿಲೋಮೀಟರ್ ದಾರಿ. ಗೇಟಿನ ಮುಂದೆ ಸಾಲು, ಕೊರೆಯುವ ಚಳಿ, ದಾರಿಬದಿಯ ಚಹಾ, ತಮಾಷೆಯ ಮಾತು. ಕೊನೆಗೆ ಬೆಟ್ಟದ ಅಂಚಿನಲ್ಲಿ ನಿಂತರು. ಮಂಜು ಸರಿಯಿತು, ಮೂಡಣ ಕೆಂಪಾಯಿತು, ಎಲ್ಲರ ಕೈಯಲ್ಲಿಯೂ ಮೊಬೈಲುಗಳು ಮೇಲೆದ್ದವು. ಸೂರ್ಯ ಕಾಣಿಸಿಕೊಂಡಾಗ ಎಲ್ಲರೂ ಹರ್ಷದಿಂದ ಕೂಗಿದರು. ಆ ಕ್ಷಣದಲ್ಲಿ ಅವನಿಗೆ ನೆನಪಾಯಿತು, ತಾನು ಫಜ್ರ್ ನಮಾಝ್ ಮಾಡಿಲ್ಲವೆಂದು.

"ನಿದ್ದೆಯಿಂದಾಗಿ ಫಜ್ರ್ ತಪ್ಪಿದ ದಿನಗಳಿವೆ ಕಾಕಾ. ಆದರೆ ಅಂದು ನಾನು ಎಚ್ಚರವಾಗಿಯೇ ಇದ್ದೆ. ವುಝೂಗೆ ಬಾಟಲಿಯಲ್ಲಿ ನೀರೂ ಇತ್ತು. ಸೂರ್ಯ ಹುಟ್ಟುವುದನ್ನು ಕಾಯುತ್ತಾ ನಿಂತೇ ನಮಾಝನ್ನು ಕಳೆದುಕೊಂಡೆ. ಶುಕ್ರವಾರ ಖುತುಬಾ ಕೇಳುವಾಗ ಕಣ್ಣು ತುಂಬಿ ಬರುತ್ತದೆ. ರವಿವಾರ ನಾನು ಬೇರೆಯೇ ಮನುಷ್ಯ."

ಈ ಮಾತು ಅವನೊಬ್ಬನದ್ದಲ್ಲ. ಊರು ಬಿಟ್ಟು ಬೆಂಗಳೂರಿಗೋ ದುಬೈಗೋ ದುಡಿಯಲು ಹೋದ ನಮ್ಮ ಸಾವಿರಾರು ಮಕ್ಕಳ ಒಳಗೆ ಹೀಗೆ ಇಬ್ಬರು ವಾಸಿಸುತ್ತಿದ್ದಾರೆ. ಒಬ್ಬ ಶುಕ್ರವಾರದ ಯುವಕ, ಇನ್ನೊಬ್ಬ ರವಿವಾರದ ಯುವಕ. ಅವರಿಬ್ಬರಿಗೆ ಪರಸ್ಪರ ಪರಿಚಯವೇ ಇಲ್ಲ.

ಇಂತಹ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹಿರಿಯರದ್ದು, "ಅಂತಹ ಕಡೆಗೆಲ್ಲ ಹೋಗುವುದೇಕೆ?" ಎಂಬುದು. ಸ್ನೇಹಿತರದ್ದು, "ಇಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ" ಎಂಬುದು. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಮೊದಲನೆಯದು ಅವನ ಸಂತೋಷವನ್ನು ಕಸಿಯುತ್ತದೆ, ಎರಡನೆಯದು ಅವನ ಆತ್ಮಸಾಕ್ಷಿಯನ್ನು. ಎರಡರ ಬೇರೂ ಒಂದೇ ತಪ್ಪು ಕಲ್ಪನೆಯಲ್ಲಿದೆ: ವಿನೋದವೆಂಬುದು ಧರ್ಮದ ಗಡಿಯ ಆಚೆಗಿರುವ ಪ್ರದೇಶ ಎಂಬ ಕಲ್ಪನೆ.

ಅವನು ಕೇಳಿದ ಪ್ರಶ್ನೆಯನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಓರ್ವ ಸಹಾಬಿ ಕೇಳಿದ್ದರು. ಸಹೀಹ್ ಮುಸ್ಲಿಮ್‌ನಲ್ಲಿ ಆ ಘಟನೆಯಿದೆ. ಹಝ್ರತ್ ಹಂಝಲಾ(ರ) ಕಳವಳಗೊಂಡು ಹೋಗುತ್ತಿದ್ದಾಗ ಹಝ್ರತ್ ಅಬೂಬಕರ್(ರ) ಎದುರಾದರು. ಹಂಝಲಾ ಕಪಟಿಯಾಗಿಬಿಟ್ಟ ಎಂದು ಅವರು ತಮ್ಮ ಬಗ್ಗೆಯೇ ದೂರಿಕೊಂಡರು. ಪ್ರವಾದಿಯವರ(ಸ) ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣ ಮುಂದೆಯೇ ಇದ್ದಂತೆ ತೋರುತ್ತವೆ, ಮನೆಗೆ ಮರಳಿ ಮಡದಿ ಮಕ್ಕಳಲ್ಲಿ, ದುಡಿಮೆಯಲ್ಲಿ ತೊಡಗಿದ ಕೂಡಲೇ ಬಹಳಷ್ಟು ಮರೆತುಹೋಗುತ್ತದೆ ಎಂಬುದು ಅವರ ದುಃಖವಾಗಿತ್ತು. ಅಬೂಬಕರ್(ರ) ಅವರನ್ನು ಸಮಾಧಾನಪಡಿಸಲಿಲ್ಲ, ಗದರಿಸಲೂ ಇಲ್ಲ. ತನ್ನ ಸ್ಥಿತಿಯೂ ಅದೇ ಎಂದರು. ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದರು. ಆ ಉನ್ನತ ಸ್ಥಿತಿ ಸದಾ ಉಳಿಯುವುದಾದರೆ ಮಲಕ್‌ಗಳು ನಿಮ್ಮ ಹಾಸಿಗೆಯಲ್ಲಿಯೂ ದಾರಿಯಲ್ಲಿಯೂ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಹಂಝಲಾ, ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬ ಅರ್ಥದಲ್ಲಿ ಪ್ರವಾದಿ(ಸ) ಉತ್ತರಿಸಿದರು.

ಈ ಉತ್ತರವನ್ನು ಎಚ್ಚರಿಕೆಯಿಂದ ಓದಬೇಕು. ಒಂದು ಹೊತ್ತು ಅಲ್ಲಾಹನಿಗೆ, ಇನ್ನೊಂದು ಹೊತ್ತು ನಮ್ಮ ಮನಬಂದಂತೆ ಎಂದು ಅದರ ಅರ್ಥವಲ್ಲ. ಮನುಷ್ಯ ಮಲಕ್ ಅಲ್ಲ, ಅವನ ಮನಸ್ಸಿಗೆ ಏರಿಳಿತವಿದೆ, ಮನೆಯ, ದುಡಿಮೆಯ, ವಿಶ್ರಾಂತಿಯ ಹೊತ್ತುಗಳು ಅವನ ಸೃಷ್ಟಿಯಲ್ಲೇ ಅಡಕವಾಗಿವೆ ಎಂಬ ಅಂಗೀಕಾರ ಅದು. ಎರಡೂ ಹೊತ್ತುಗಳ ಒಡೆಯ ಒಬ್ಬನೇ.

ಪ್ರವಾದಿಯವರ(ಸ) ಬದುಕು ಇದಕ್ಕೆ ಸಾಕ್ಷಿ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳನ್ನು ಹಿಡಿದು ಆಡುತ್ತಿದ್ದುದನ್ನು ಹಝ್ರತ್ ಆಯಿಶಾ(ರ) ಪ್ರವಾದಿಯವರ(ಸ) ಭುಜದ ಹಿಂದೆ ನಿಂತು ನೋಡಿದರು. ಅವರಿಗೆ ಸಾಕೆನಿಸುವವರೆಗೂ ಪ್ರವಾದಿ(ಸ) ಕದಲದೆ ನಿಂತರು. ಪ್ರಯಾಣವೊಂದರಲ್ಲಿ ಪತ್ನಿಯೊಂದಿಗೆ ಓಟದ ಸ್ಪರ್ಧೆ ನಡೆಸಿ ಸೋತರು. ವರ್ಷಗಳ ಬಳಿಕ ಮತ್ತೆ ಓಡಿ ಗೆದ್ದು, ಅದಕ್ಕೆ ಇದು ಸಮವಾಯಿತೆಂದು ನಕ್ಕರು. ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆಗಳನ್ನು ಏರ್ಪಡಿಸಿದರು. ತರುಣ ಅಬ್ದುಲ್ಲಾ ಬಿನ್ ಉಮರ್(ರ) ಅದರಲ್ಲಿ ಭಾಗವಹಿಸಿದ್ದರು. ಹಗಲು ಉಪವಾಸ, ರಾತ್ರಿಯಿಡೀ ಆರಾಧನೆ ಎಂದು ಪತ್ನಿಯನ್ನೇ ಮರೆತಿದ್ದ ಅಬುದ್ದರ್ದಾಅ್(ರ)ರನ್ನು ಸಲ್ಮಾನ್ ಫಾರಿಸಿ(ರ) ತಡೆದು, ಪ್ರಭುವಿಗೂ ದೇಹಕ್ಕೂ ಮನೆಯವರಿಗೂ ಅವರವರ ಹಕ್ಕನ್ನು ಕೊಡಬೇಕೆಂದು ಹೇಳಿದಾಗ, ಪ್ರವಾದಿ(ಸ) ಸಲ್ಮಾನ್ ಹೇಳಿದ್ದೇ ಸರಿಯೆಂದರು. ಇಂತಹ ಪ್ರವಾದಿಯ ಅನುಯಾಯಿಗಳು ತಮ್ಮ ಮಕ್ಕಳ ಪ್ರತಿಯೊಂದು ನಗುವಿನ ಮುಂದೆಯೂ "ಹರಾಮ್" ಎಂಬ ಫಲಕವನ್ನು ನೆಡುವುದು ಎಷ್ಟು ಸರಿ?

ಹಾಗೆಂದು ರವಿವಾರದ ಎಲ್ಲವೂ ನಿರಪಾಯಕಾರಿಯಲ್ಲ. ಇಂದಿನ ಉದ್ಯೋಗಸ್ಥ ಯುವಕನ ವಿನೋದದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಅದು ಹೆಚ್ಚಾಯಿತು ಎಂಬುದಲ್ಲ, ಅದು ತೀರಾ ಬಡವಾಯಿತು ಎಂಬುದು. ಬೆಳಿಗ್ಗೆ ಟ್ರಾಫಿಕ್, ಹಗಲೆಲ್ಲ ಕಂಪ್ಯೂಟರ್ ಪರದೆ, ಸಂಜೆ ಮತ್ತೆ ಟ್ರಾಫಿಕ್. ಪಿ.ಜಿ.ಯ ಕೋಣೆಗೆ ಮರಳಿ ಊಟ ಮುಗಿಸಿ ಹಾಸಿಗೆಗೆ ಒರಗಿದರೆ ಕೈಯಲ್ಲಿ ಮೊಬೈಲು. ರೀಲ್ಸ್‌ಗೆ ಕೊನೆಯಿಲ್ಲ, ಒಂದು ಮುಗಿಯುವಾಗ ಇನ್ನೊಂದು ತಾನಾಗಿಯೇ ಬರುತ್ತದೆ. ದಿನಕ್ಕೆ ಮೂರು ಗಂಟೆ ಹೀಗೆ ಕಳೆದರೆ ವರ್ಷಕ್ಕೆ 1,095 ಗಂಟೆಗಳಾಗುತ್ತವೆ, ಅಂದರೆ 45 ಹಗಲು ಮತ್ತು 45 ರಾತ್ರಿಗಳು. ಅದರಲ್ಲಿ ಒಂದು ಗಂಟೆಯಾದರೂ ನೆನಪಿನಲ್ಲಿ ಉಳಿದಿರುತ್ತದೆಯೇ? ಹೆಚ್ಚಿನ ಜನರು ನಷ್ಟ ಮಾಡಿಕೊಳ್ಳುವ ಎರಡು ಅನುಗ್ರಹಗಳೆಂದರೆ ಆರೋಗ್ಯ ಮತ್ತು ಬಿಡುವು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅಂತ್ಯದಿನ ಆಯುಷ್ಯದ ಬಗ್ಗೆ ಪ್ರಶ್ನೆಯಾಗುವುದಲ್ಲದೆ, ಯೌವನದ ಬಗ್ಗೆ ಬೇರೆಯಾಗಿಯೇ ಪ್ರಶ್ನೆಯಾಗಲಿದೆ ಎಂದೂ ತಿಳಿಸಿದ್ದಾರೆ. ಯೌವನವು ಆಯುಷ್ಯದ ಒಂದು ಭಾಗವೇ ಆಗಿದ್ದರೂ ಅದಕ್ಕೆ ಪ್ರತ್ಯೇಕ ಲೆಕ್ಕವಿದೆ.

ಇನ್ನು ಕೆಲವು ಗಡಿಗಳನ್ನು ಯಾವ ವ್ಯಾಖ್ಯಾನದಿಂದಲೂ ಸಡಿಲಿಸಲಾಗದು. ಕ್ರಿಕೆಟ್ ನೋಡುವುದು ಬೇರೆ, ಅದರ ಮೇಲೆ ಹಣ ಕಟ್ಟುವುದು ಬೇರೆ. ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯವು ಮದ್ಯದ ಜೊತೆಯಲ್ಲಿಯೇ ಜೂಜನ್ನು ಹೆಸರಿಸಿ, ಅದು ದ್ವೇಷವನ್ನು ಬಿತ್ತುತ್ತದೆ ಮತ್ತು ನಮಾಝ್‌ನಿಂದ ತಡೆಯುತ್ತದೆ ಎಂಬ ಕಾರಣವನ್ನೂ ವಿವರಿಸಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಅಂಗೀಕಾರ ನೀಡಿತು. ಸಂಬಳ ಬಂದ ವಾರದೊಳಗೆ ಅದನ್ನು ಮೊಬೈಲ್ ಆಟದಲ್ಲಿ ಕಳೆದುಕೊಂಡು ತಂದೆಯ ಮುಂದೆ ಸುಳ್ಳು ಹೇಳುವ ಮಗನಿಗೆ ಕಾನೂನು ಬಂದ ಮೇಲೆಯೇ ಅದು ಕೆಡುಕೆಂದು ಗೊತ್ತಾಗಬೇಕಾಗಿರಲಿಲ್ಲ. ಬಡ್ಡಿಯ ಕಂತಿನಲ್ಲಿ ಕೊಂಡ ಬೈಕೂ ಇದೇ ಸಾಲಿಗೆ ಸೇರುತ್ತದೆ. ಜಲಪಾತದ ಜಾರುಬಂಡೆಯ ಮೇಲೆ ಸೆಲ್ಫಿಗಾಗಿ ನಿಲ್ಲುವುದು ಸಾಹಸವಲ್ಲ, ಅಲ್ಲಾಹನು ಕೊಟ್ಟ ಜೀವವೆಂಬ ಅಮಾನತ್ತಿನೊಂದಿಗೆ ಚೆಲ್ಲಾಟ. ದಾರಿಗೂ ಹಕ್ಕುಗಳಿವೆಯೆಂದು ಕಲಿಸಿದ ಧರ್ಮ ನಮ್ಮದು. ಇತರರಿಗೆ ತೊಂದರೆ ಕೊಡದಿರುವುದೂ ದೃಷ್ಟಿಯನ್ನು ತಗ್ಗಿಸುವುದೂ ಆ ಹಕ್ಕುಗಳಲ್ಲಿ ಸೇರಿವೆ. ಘಾಟಿಯ ತಿರುವಿನಲ್ಲಿ ಬೈಕನ್ನು ಒಂದೇ ಚಕ್ರದ ಮೇಲೆ ಓಡಿಸುವವನೂ ಬೆಟ್ಟದ ಮೇಲೆ ಪ್ಲಾಸ್ಟಿಕ್ ಎಸೆದು ಬರುವವನೂ ಆ ಹಕ್ಕನ್ನು ಕಸಿಯುತ್ತಿದ್ದಾರೆ.

ಆದರೆ ಪ್ರವಾಸವೇ ಬೇಡವೆನ್ನಲು ನಮಗೆ ಯಾವ ಅಧಿಕಾರವಿದೆ? ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಹಲವು ಕಡೆ ಕರೆ ನೀಡುತ್ತದೆ. 1325ರಲ್ಲಿ ಇಪ್ಪತ್ತೊಂದರ ಹರೆಯದ ಓರ್ವ ಯುವಕ ಹಜ್ಜ್ ನಿರ್ವಹಿಸಲೆಂದು ಮೊರೊಕ್ಕೊದ ತಾಂಜೀರ್‌ನಿಂದ ಒಬ್ಬಂಟಿಯಾಗಿ ಹೊರಟ. ಅವನೇ ಇಬ್ನು ಬತೂತ. ಅವನ ದಾರಿ ಮಕ್ಕಾದಲ್ಲಿ ಮುಗಿಯಲಿಲ್ಲ. ದಿಲ್ಲಿಯಲ್ಲಿ ಕಾಝಿಯಾಗಿದ್ದು, ಮುಂದೆ ನಮ್ಮ ಕರಾವಳಿಯ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನೂ ಕಂಡ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23 ಹಾಗೂ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುದನ್ನು ಬರೆದಿಟ್ಟ. ಅವನು ಕಣ್ಣು ತೆರೆದು ನಡೆದುದರಿಂದ ನಮ್ಮದೇ ಕರಾವಳಿಯ ಇತಿಹಾಸ ನಮಗೆ ದಕ್ಕಿತು.

ಬೆಳ್ತಂಗಡಿಯ ಬಳಿ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯಿದೆ. ಊರವರು ಗಡಾಯಿಕಲ್ಲು ಎನ್ನುತ್ತಾರೆ. ಬಂಡೆಯಲ್ಲಿ ಕಡೆದ 1,800ಕ್ಕೂ ಮಿಕ್ಕಿದ ಮೆಟ್ಟಿಲುಗಳು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲವನ್ನು ಬಿಟ್ಟು ಹತ್ತಿ ನೋಡಿ. ಮೊಣಕಾಲು ನಡುಗುತ್ತದೆ, ಉಸಿರು ಸಾಲುವುದಿಲ್ಲ, ಮೇಲೆ ನಿಂತಾಗ ತನ್ನ ಸಣ್ಣತನ ತನಗೇ ಅರಿವಾಗುತ್ತದೆ. ಅಲ್ಲಿ ಅಸರ್ ನಮಾಝ್ ಮಾಡಿದವನಿಗೆ, ಇಡೀ ಭೂಮಿಯನ್ನು ಈ ಸಮುದಾಯಕ್ಕೆ ನಮಾಝ್‌ನ ಸ್ಥಳವಾಗಿ ಕೊಡಲಾಗಿದೆ ಎಂಬ ಪ್ರವಾದಿ ವಚನದ ಅರ್ಥವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ನೀರಿಲ್ಲದಿದ್ದರೆ ತಯಮ್ಮುಮ್ ಇದೆ, ದೂರ ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳನ್ನು ಎರಡಾಗಿಸುವ ರಿಯಾಯಿತಿ ಇದೆ. ಶರೀಅತ್ ಪ್ರಯಾಣಿಕನಿಗಾಗಿ ಇಷ್ಟೆಲ್ಲ ಏರ್ಪಾಡು ಮಾಡಿರುವುದು ಅವನನ್ನು ಮನೆಯಲ್ಲಿ ಕಟ್ಟಿಹಾಕಲಿಕ್ಕೆ ಅಲ್ಲ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ರವಿವಾರದ ಯುವಕನ ಬಗ್ಗೆ ಇಷ್ಟು ಮಾತಾಡುವ ನಾವು ರವಿವಾರದ ಯುವತಿಯನ್ನು ಕಂಡಿದ್ದೇವೆಯೇ? ಇಂದು ನಮ್ಮ ಹೆಣ್ಣುಮಕ್ಕಳು ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಆರು ದಿನ ದುಡಿಯುತ್ತಾರೆ. ರವಿವಾರ ಅಣ್ಣ ಫುಟ್ಬಾಲ್ ಮೈದಾನಕ್ಕೆ ಹೋಗುವಾಗ ಅವಳು ಅಡುಗೆಮನೆಗೆ ಹೋಗುತ್ತಾಳೆ. ಅತಿಥಿಗಳಿಗೆ ಬಿರಿಯಾನಿ, ವಾರದ ಬಟ್ಟೆ, ತಾಯಿಗೆ ನೆರವು. ಅವಳಿಗೆ ಬಿಡುವು ಬೇಕೆಂಬ ಮಾತು ಯಾರ ಬಾಯಲ್ಲಿಯೂ ಬರುವುದಿಲ್ಲ. ಪತ್ನಿಗೆ ಸಾಕೆನಿಸುವವರೆಗೂ ನಿಂತು ಆಟ ತೋರಿಸಿದ ಪ್ರವಾದಿಯ(ಸ) ಸುನ್ನತ್ತನ್ನು ಅನುಸರಿಸುವವರು ತಂಗಿಯನ್ನು, ತಾಯಿಯನ್ನು, ಮಡದಿಯನ್ನು ಒಂದು ಸಂಜೆಯಾದರೂ ಕಡಲ ತೀರಕ್ಕೆ ಕರೆದೊಯ್ಯುವುದು ಬೇಡವೇ? ಮರಳಿ ಬಂದು ಅಡುಗೆ ಪಾತ್ರೆಗಳನ್ನು ತಾವೇ ತೊಳೆದರೆ ಇನ್ನೂ ಉತ್ತಮ.

ಹಿರಿಯರಲ್ಲಿಯೂ ಮಸೀದಿ ಸಮಿತಿಯವರಲ್ಲಿಯೂ ಒಂದು ವಿನಂತಿ. ಯುವಕರು ಮಸೀದಿಯಿಂದ ದೂರವಾದರೆಂದು ಪ್ರತಿ ಸಭೆಯಲ್ಲಿಯೂ ಕೊರಗುತ್ತೇವೆ. ಅವರಿಗಾಗಿ ನಾವು ಏನು ಮಾಡಿದ್ದೇವೆ? ಮದ್ರಸದ ಖಾಲಿ ಅಂಗಳದಲ್ಲಿ ಮಗ್ರಿಬ್‌ಗೆ ಮುಂಚೆ ಒಂದು ಶಟ್ಲ್ ಅಂಕಣ ಹಾಕಿದರೆ ಎಷ್ಟು ಖರ್ಚಾದೀತು? ವರ್ಷಕ್ಕೊಮ್ಮೆ ಖತೀಬರೇ ಯುವಕರೊಂದಿಗೆ ಬೆಟ್ಟ ಹತ್ತಿದರೆ ಅವರ ಗೌರವ ಕುಗ್ಗುವುದೇ? ನಿಷೇಧದ ಪಟ್ಟಿಯನ್ನು ಮಾತ್ರ ಕೈಗಿಟ್ಟರೆ ಯುವಕ ತನ್ನ ಸಂತೋಷವನ್ನು ನಮ್ಮಿಂದ ಬಚ್ಚಿಡಲು ಕಲಿಯುತ್ತಾನೆ. ಬಚ್ಚಿಟ್ಟ ಸಂತೋಷದಲ್ಲಿ ನಮಾಝ್‌ಗೆ ಜಾಗವಿರುವುದಿಲ್ಲ. ಅಂದು ಬೆಟ್ಟದ ಮೇಲೆ ಆ ಹುಡುಗ ನಮಾಝನ್ನು ಮರೆತುದಕ್ಕೆ ನಮ್ಮ ಪಾಲಿನ ಹೊಣೆಯೂ ಇದೆ. ಪ್ರವಾಸದ ಚೀಲದಲ್ಲಿ ಮುಸಲ್ಲಾವನ್ನೂ ಇಟ್ಟುಕೋ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಪ್ರವಾಸ ಹೋಗುವ ವಿಷಯವನ್ನೇ ಅವನು ಯಾರಿಗೂ ಹೇಳಿರಲಿಲ್ಲ.

ಜಗಲಿಯಲ್ಲಿ ಕುಳಿತು ನಾನು ಅವನಿಗೆ ಹಂಝಲಾ(ರ)ರ ಕಥೆ ಹೇಳಿದೆ. ತಾನು ಕಂಡ ಮೂವತ್ತು ಸಹಾಬಿಗಳಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆ ಕಾಪಟ್ಯವನ್ನು ಭಯಪಡುತ್ತಿದ್ದರೆಂದು ತಾಬಿಈ ಇಬ್ನು ಅಬೀ ಮುಲೈಕ ಹೇಳಿದ್ದನ್ನೂ ತಿಳಿಸಿದೆ. ಭಯವಿರುವುದು ಈಮಾನ್ ಜೀವಂತವಿರುವುದರ ಲಕ್ಷಣ ಎಂದೆ. ತಪ್ಪಿದ ನಮಾಝನ್ನು ಕಝಾ ಮಾಡು, ತೌಬಾ ಮಾಡು, ಮತ್ತೆ ನಂದಿಗೆ ಹೋಗು ಎಂದೆ. ಹೋಗಬೇಡ ಎಂದು ನಾನು ಹೇಳುವೆನೆಂದು ಅವನು ಎಣಿಸಿದ್ದಿರಬೇಕು. ಒಮ್ಮೆ ನನ್ನ ಮುಖವನ್ನೇ ನೋಡಿದ.

ಕಳೆದ ತಿಂಗಳು ಅವನಿಂದ ಒಂದು ಸಂದೇಶ ಬಂತು. ಗೇಟಿನ ಮುಂದೆ ಸಾಲಿನಲ್ಲಿ ಕಾಯುವಾಗ ಸಮಯವಾಯಿತಂತೆ. ಯಾರ ದಾರಿಗೂ ಅಡ್ಡವಾಗದಂತೆ, ಬೈಕುಗಳ ಹಿಂದಿನ ಮೂಲೆಯಲ್ಲಿ ಮುಸಲ್ಲಾ ಹಾಸಿ ಫಜ್ರ್ ನಿರ್ವಹಿಸಿದನಂತೆ. ಅವನ ಧರ್ಮದವನಲ್ಲದ ಸಹೋದ್ಯೋಗಿಯೊಬ್ಬ ಕತ್ತಲಲ್ಲಿ ಯಾರೂ ಎಡವದಿರಲೆಂದು ಮೊಬೈಲಿನ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದನಂತೆ. "ಸೂರ್ಯೋದಯ ಅಂದು ಮೋಡದಿಂದಾಗಿ ಕಾಣಲಿಲ್ಲ ಕಾಕಾ, ಆದರೂ ಬೇಸರವೆನಿಸಲಿಲ್ಲ" ಎಂದು ಬರೆದಿದ್ದ.

ಶುಕ್ರವಾರದ ಯುವಕನೂ ರವಿವಾರದ ಯುವಕನೂ ಅಂದು ಪರಸ್ಪರ ಭೇಟಿಯಾಗಿದ್ದರು. ನಮ್ಮ ಮಕ್ಕಳೆಲ್ಲರ ಬದುಕಿನಲ್ಲಿಯೂ ಆ ಭೇಟಿಯನ್ನು ಅಲ್ಲಾಹನು ಕರುಣಿಸಲಿ, ಆಮೀನ್.