ಭೀಮೆಯ ನೀರು ಎಲ್ಲಿಯದು?

ಭೂಗೋಳದ ಪುಸ್ತಕದಲ್ಲಿ ನದಿಯೆಂದರೆ ಒಂದು ನೀಲಿ ಗೆರೆ. ಉಗಮ, ಉದ್ದ, ಉಪನದಿ, ಸಂಗಮ ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಭೀಮೆಯ ಸೀಮೆಯಲ್ಲಿ ಬಾಳಬೇಕಾದ ನಮ್ಮ ಮಕ್ಕಳಿಗೆ ಅಷ್ಟು ಸಾಲದು. ಆ ಗೆರೆಗೆ ನೀರುಣಿಸುವ ನೆಲವನ್ನು, ಅಂದರೆ ಜಲಾನಯನ ಪ್ರದೇಶವನ್ನು, ಅವರು ಅರಿಯಬೇಕು.

ಭೀಮೆಯ ಉಗಮ ಪುಣೆ ಜಿಲ್ಲೆಯ ಭೀಮಾಶಂಕರ. ಅಲ್ಲಿಂದ ಅರಬ್ಬೀ ಸಮುದ್ರ ನೂರು ಕಿ.ಮೀ. ಕೂಡ ದೂರವಿಲ್ಲ. ಆದರೆ ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರಾಗಿರುವುದರಿಂದ ನದಿ ಸಮುದ್ರಕ್ಕೆ ಬೆನ್ನುಮಾಡಿ, 861 ಕಿ.ಮೀ. ಹರಿದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಅದರ ಜಲಾನಯನ ಸುಮಾರು 70,000 ಚದರ ಕಿ.ಮೀ.

ಈ ವಿಸ್ತಾರದಲ್ಲಿ ಮಳೆ ಸಮನಾಗಿ ಹಂಚಿಕೆಯಾಗಿಲ್ಲ. ಸಹ್ಯಾದ್ರಿಯ ನೆತ್ತಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿದರೆ, ಮಳೆನೆರಳಿನ ಸೊಲ್ಲಾಪುರ ಸೀಮೆಗೆ ದಕ್ಕುವುದು 500ರಿಂದ 700 ಮಿ.ಮೀ. ಇಂದ್ರಾಯಣಿ, ಮುಳಾ-ಮುಠಾ, ನೀರಾ ನದಿಗಳು ಘಟ್ಟದ ನೀರನ್ನು ಹೊತ್ತು ತರುತ್ತವೆ. ಅಕ್ಕಲಕೋಟೆಯ ಬೋರಿ ನದಿಯಾದರೋ ಮಳೆನೆರಳಿನಲ್ಲಿಯೇ ಹುಟ್ಟಿದ್ದು. ಭಾದ್ರಪದದ ಮಳೆ ಕೈಕೊಟ್ಟ ವರ್ಷ ಅದು ಬರಿದು. ಎರೆಮಣ್ಣಿನ ಕೆಳಗಿನ ಕರಿಕಲ್ಲು ಹೆಚ್ಚು ನೀರನ್ನು ಹಿಡಿದಿಡುವುದಿಲ್ಲವಾದ್ದರಿಂದ ಬಾವಿಗಳೂ ಬೇಗನೆ ಬತ್ತುತ್ತವೆ.

1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟು ಘಟ್ಟದ ನೀರನ್ನು ತಡೆದು ನಿಲ್ಲಿಸಿತು. ಅಲ್ಲಿಂದ ಕೆಳಗೆ ಬೇಸಿಗೆಯ ಭೀಮೆ ಬಹುಪಾಲು ಬಿಟ್ಟ ನೀರಿನ ನದಿ. ಸೊಲ್ಲಾಪುರದ ಕುಡಿಯುವ ನೀರನ್ನು ದಶಕಗಳ ಕಾಲ ನದಿಯ ಪಾತ್ರದಲ್ಲಿಯೇ ಔಜ್ ಬಂಧಾರೆಯವರೆಗೆ ಹರಿಸಲಾಗಿದೆ. ದಾರಿಯಲ್ಲಿ ಒಂದಿಷ್ಟು ಉಸುಕಿಗೆ, ಒಂದಿಷ್ಟು ಬಿಸಿಲಿಗೆ, ಒಂದಿಷ್ಟು ಕಬ್ಬಿನ ಪಂಪುಗಳಿಗೆ ಸಲ್ಲುತ್ತದೆ. ಮುಂದೆ ನದಿಯೇ ಎರಡು ರಾಜ್ಯಗಳ ಗಡಿ. ಒಂದು ದಡ ಮಹಾರಾಷ್ಟ್ರ, ಇನ್ನೊಂದು ಕರ್ನಾಟಕ. ಎರಡೂ ದಡಗಳಲ್ಲಿ ಕನ್ನಡ ಮಾತು, ಎರಡಕ್ಕೂ ಒಂದೇ ನೀರು. ಬರಗಾಲದಲ್ಲಿ ‘ನಮ್ಮ ನೀರು, ಅವರ ನೀರು’ ಎಂಬ ಜಗಳ ಹುಟ್ಟುವುದೂ ಇಲ್ಲಿಯೇ. ಆದರೆ ಆ ನೀರಿನ ಬಹುಭಾಗ ಈ ದಡದ ಮಳೆಯದೂ ಅಲ್ಲ, ಆ ದಡದ ಮಳೆಯದೂ ಅಲ್ಲ.

ಪಾಲಕರು ಈ ವಾರ ಮಕ್ಕಳೊಡನೆ ಒಂದು ನಕ್ಷೆ ಬರೆಯಲಿ. ನಮ್ಮ ಮನೆಯ ಮಾಳಿಗೆಯಿಂದ ಇಳಿದ ಮಳೆನೀರು ಯಾವ ಹಳ್ಳಕ್ಕೆ, ಆ ಹಳ್ಳ ಸೀನೆಗೋ ಬೋರಿಗೋ, ಅಲ್ಲಿಂದ ಭೀಮೆಗೆ ಎಲ್ಲಿ ಸೇರುತ್ತದೆ? ರಾಜ್ಯದ ಗಡಿಯನ್ನು ಕೊನೆಗೆ ಎಳೆಯಲಿ. ನೀರು ಯಾರದೆಂದು ವಾದಿಸುವ ಮೊದಲು ಅದು ಎಲ್ಲಿಂದ ಬಂತು, ಕೆಳಗೆ ಯಾರಿಗೆ ಉಳಿಯಬೇಕು ಎಂದು ಕೇಳುವ ರೂಢಿ ಮಕ್ಕಳಿಗೆ ಬರಲಿ.