ನಕಲಿಗಾಗಿ ಅಸಲನ್ನು ಒಡೆಯಬೇಕೆ?

ಟೆಲಿವಿಷನ್ ನಾಟಕಗಳಲ್ಲಿ ಕಾಣಿಸಿಕೊಂಡ ಯಂತ್ರಗಳನ್ನೂ ಉಪಕರಣಗಳನ್ನೂ ಮೂಲದಲ್ಲಿದ್ದಂತೆಯೇ ಮತ್ತೆ ನಿರ್ಮಿಸುವುದು ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹುಮಂದಿಯ ಹವ್ಯಾಸವಾಗಿದೆ. ಪಾತ್ರಧಾರಿಗಳು ಕೈಯಲ್ಲಿ ಹಿಡಿಯುವ, ರಂಗದ ಮೇಲೆ ಜೋಡಿಸಿಡುವ ಇಂಥ ವಸ್ತುಗಳನ್ನು ರಂಗಪರಿಕರಗಳೆಂದು ಕರೆಯೋಣ. ಇವುಗಳ ಪ್ರತಿಕೃತಿಯನ್ನು ರಚಿಸಹೊರಟವರಿಗೆ ಎದುರಾಗುವ ಮುಖ್ಯ ತೊಡಕು ಕೈಕೆಲಸದ್ದಲ್ಲ, ಬಿಡಿಭಾಗಗಳದು. ಅರುವತ್ತು ವರ್ಷಗಳ ಹಿಂದೆ ಮೂಲೆಯ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತಿದ್ದ ಗುಂಡಿ, ದೀಪ, ಹಿಡಿ, ಮಾಪಕಗಳು ಇಂದು ತಯಾರಾಗುತ್ತಿಲ್ಲ. ಹೀಗಾದುದರಿಂದ ಹವ್ಯಾಸಿಗಳು ಗುಜರಿ ಅಂಗಡಿಗಳನ್ನೂ ಹರಾಜುಗಳನ್ನೂ ಜಾಲಾಡುತ್ತಾರೆ. ಹಳೆಯ ಕ್ಯಾಮರಾ, ಗಡಿಯಾರ, ಪ್ರಯೋಗಾಲಯದ ಉಪಕರಣ ಸಿಕ್ಕಿದರೆ ಬಿಚ್ಚಿ, ಬೇಕಾದ ಒಂದು ತುಣುಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ.

ಈ ಹುಡುಕಾಟದಲ್ಲಿ ಸಂತೋಷವಿದೆ, ಕಲಿಕೆಯೂ ಇದೆ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಂದೂ ಇಲ್ಲದಿದ್ದ ಒಂದು ಕಲ್ಪಿತ ಯಂತ್ರದ ನಕಲನ್ನು ಮಾಡುವುದಕ್ಕಾಗಿ, ನಿಜವಾಗಿ ಇದ್ದ, ಇನ್ನೂ ಕೆಲಸ ಮಾಡುವ ಒಂದು ಉಪಕರಣವನ್ನು ಒಡೆಯುವುದು ಯುಕ್ತವೆ? ಯುಕ್ತವಲ್ಲವೆಂದು ಮಾತ್ರವಲ್ಲ, ಹಾಗೆ ಒಡೆಯುವ ಅಗತ್ಯವೇ ಬಹುಮಟ್ಟಿಗೆ ಇಲ್ಲವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರ ಹಳೆಯದರ ಮೇಲಿನ ಮಮತೆಯೊಂದೇ ಅಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಒಂದೆರಡು ಲೆಕ್ಕಗಳು.

ಮೊದಲು ಮೂಲ ಪರಿಕರಗಳು ಹುಟ್ಟಿದ ಬಗೆಯನ್ನು ನೋಡೋಣ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆ ೧೯೬೩ರ ನವೆಂಬರ್ ೨೩ರಂದು 'ಡಾಕ್ಟರ್ ಹೂ' ಎಂಬ ಧಾರಾವಾಹಿಯನ್ನು ಆರಂಭಿಸಿತು. ಮರು ತಿಂಗಳೇ ಅದರಲ್ಲಿ ಡೇಲೆಕ್ ಎಂಬ ಕ್ರೂರ ಜೀವಿಗಳು ಕಾಣಿಸಿಕೊಂಡುವು. ಕಥೆ ಬರೆದವರು ಟೆರಿ ನೇಷನ್, ರೂಪ ಕೊಟ್ಟವರು ರೇಮಂಡ್ ಕ್ಯೂಸಿಕ್. ಲೋಹದ ಕವಚದೊಳಗೆ ಅಡಗಿ ಚಲಿಸುವ ಈ ಭೀಕರ ಪ್ರಾಣಿಯ ತೋಳಿನ ತುದಿಯಲ್ಲಿದ್ದುದು, ಕಟ್ಟಿಕೊಂಡ ಬಚ್ಚಲಿನ ಕೊಳವೆಯನ್ನು ಬಿಡಿಸಲು ಮನೆಮನೆಗಳಲ್ಲಿ ಬಳಸುವ ರಬ್ಬರಿನ ಬಟ್ಟಲು! ಅಮೆರಿಕದಲ್ಲಿ ೧೯೬೬ರ ಸೆಪ್ಟೆಂಬರ್ ೮ರಂದು 'ಸ್ಟಾರ್ ಟ್ರೆಕ್' ಪ್ರಸಾರವಾಗತೊಡಗಿತು. ಅಂದು ತೋರಿಸಿದ ಮೊದಲ ಕಥೆಗೆ ಉಪ್ಪು ಉದುರಿಸುವ ಕುಡಿಕೆಗಳು ಬೇಕಾಗಿದ್ದುವು. ವಿಚಿತ್ರ ಆಕಾರದ ಕೆಲವನ್ನು ಕೊಂಡು ತಂದರು. ಇವು ಉಪ್ಪಿನ ಕುಡಿಕೆಗಳೆಂದು ನೋಡುವವರಿಗೆ ತಿಳಿಯಲಾರದೆಂಬ ಸಂದೇಹ ಹುಟ್ಟಿದಾಗ ಅವನ್ನು ಎಸೆಯಲಿಲ್ಲ. ಅವೇ ಮುಂದೆ ಆಕಾಶನೌಕೆಯ ವೈದ್ಯನ ಶಸ್ತ್ರಚಿಕಿತ್ಸೆಯ ಉಪಕರಣಗಳಾದುವು. ಅದೇ ೧೯೬೬ರ 'ಬ್ಯಾಟ್‌ಮನ್' ನಾಟಕದಲ್ಲಿ ದೀಪಗಳನ್ನು ಮಿನುಗಿಸುತ್ತಿದ್ದ ಗಣಕಯಂತ್ರವಾದರೋ ಬರೋಸ್ ಕಂಪನಿಯ ೨೦೫ ಎಂಬ ನಿಜವಾದ ಗಣಕಯಂತ್ರದ ಭಾಗ. ಕವಾಟಗಳಿಂದ ಕೆಲಸ ಮಾಡುತ್ತಿದ್ದ ಆ ಯಂತ್ರ ಅಷ್ಟು ಹೊತ್ತಿಗಾಗಲೇ ಹಳತಾಗಿತ್ತು.

ಇವುಗಳಲ್ಲೆಲ್ಲ ಒಂದು ಸಮಾನ ಅಂಶವಿದೆ. ಮೂಲ ಪರಿಕರವನ್ನು ರಚಿಸಿದವರು ಯಾವ ಬಿಡಿಭಾಗವನ್ನೂ ಪೂಜ್ಯವೆಂದು ಆರಿಸಿದವರಲ್ಲ. ಕಡಿಮೆ ಹಣ, ಕಡಿಮೆ ಸಮಯ, ಕೈಗೆ ಸಿಕ್ಕ ವಸ್ತು, ಇಷ್ಟೇ ಅವರ ಬಂಡವಾಳ. ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ ಎಂಬುದೊಂದೇ ಅವರು ಕೇಳಿಕೊಂಡ ಪ್ರಶ್ನೆ.

ಇಂದಿನ ಅನುಕರಣಕಾರರ ದಾರಿ ಇದಕ್ಕೆ ತೀರ ವಿರುದ್ಧವಾದುದು. ಇದರ ಅತಿ ಪ್ರಸಿದ್ಧ ನಿದರ್ಶನ ಟೆಲಿವಿಷನ್ನಿನದಲ್ಲ, ಅದರ ನೆರೆಮನೆಯಾದ ಸಿನಿಮಾದ್ದು. ೧೯೭೭ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ನಾಯಕನ ಬೆಳಕಿನ ಖಡ್ಗದ ಹಿಡಿಯನ್ನು ಗ್ರಾಫ್ಲೆಕ್ಸ್ ಎಂಬ ಹಳೆಯ ಪತ್ರಿಕಾ ಕ್ಯಾಮರಾದ ಫ್ಲ್ಯಾಷ್ ಹಿಡಿಯಿಂದ ಮಾಡಿದ್ದರು. ಮೂರು ಬ್ಯಾಟರಿಗಳನ್ನು ತುಂಬಿ, ತುದಿಗೆ ಫ್ಲ್ಯಾಷ್ ಬಲ್ಬನ್ನು ಸಿಕ್ಕಿಸುವ ಲೋಹದ ಕೊಳವೆ ಅದು. ಅದರ ಪಕ್ಕಕ್ಕೆ ಒಂದು ಗಣಕದಿಂದ ತೆಗೆದ ಗುಳ್ಳೆಗುಳ್ಳೆಯ ಪಾರದರ್ಶಕ ಪಟ್ಟಿಯನ್ನು ಅಂಟಿಸಿದ್ದರು. ಈ ಪಟ್ಟಿಯ ನಿಜವಾದ ಕೆಲಸವೇನು? ೧೯೭೦ರ ದಶಕದ ಆರಂಭದ ಕೈಗಣಕಗಳಲ್ಲಿ ಅಂಕಿಗಳನ್ನು ತೋರಿಸುವ ಕೆಂಪು ದೀಪಗಳು ಬಹು ಸಣ್ಣವಾಗಿದ್ದುವು; ದೊಡ್ಡದು ಮಾಡಿದರೆ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಆದುದರಿಂದ ಪ್ರತಿ ಅಂಕಿಯ ಮೇಲೂ ಪ್ಲಾಸ್ಟಿಕ್ಕಿನ ಒಂದೊಂದು ಪೀನಮಸೂರವನ್ನು ಇಟ್ಟು ಅಂಕಿಯನ್ನು ಹಿಗ್ಗಿಸಿ ತೋರಿಸುತ್ತಿದ್ದರು. ಎಷ್ಟು ಜಾಣತನದ ಉಪಾಯ! ಚಿತ್ರ ಪ್ರಸಿದ್ಧವಾದ ಮೇಲೆ ಈ ಪಟ್ಟಿಗಾಗಿ ಹಳೆಯ ಗಣಕಗಳನ್ನು ಒಡೆದರು. ಫ್ಲ್ಯಾಷ್ ಹಿಡಿಗಳ ಬೆಲೆ ಏರಿ, ಹಳೆಯ ಕ್ಯಾಮರಾವನ್ನು ಅದರ ಎಲ್ಲ ಅಂಗಗಳೊಡನೆ ಕಾಪಾಡಬಯಸಿದವರ ಕೈಗೆ ಎಟುಕದಂತಾಯಿತು. ಮಸೂರದ ಕೆಲಸವನ್ನು ತೋರಿಸಿಕೊಡಬಲ್ಲ ವಸ್ತು ಹೋಗಿ, ಏನನ್ನೂ ಮಾಡದ ಅಲಂಕಾರ ಉಳಿಯಿತು.

ಈಗ ಲೆಕ್ಕಕ್ಕೆ ಬರೋಣ. ೧೯೬೩ರಲ್ಲಿ ಬಿ.ಬಿ.ಸಿ.ಯ ಚಿತ್ರ ೪೦೫ ಅಡ್ಡಗೆರೆಗಳಿಂದ ಆದುದು. ಅವುಗಳಲ್ಲಿ ಪರದೆಯ ಮೇಲೆ ಚಿತ್ರವಾಗಿ ಕಾಣುತ್ತಿದ್ದುದು ೩೭೭. ಡೇಲೆಕ್‌ನ ಎತ್ತರ ೧,೬೦೦ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದು ಪರದೆಯನ್ನು ಮೇಲಿನಿಂದ ಕೆಳಗಿನವರೆಗೂ ತುಂಬಿ ನಿಂತಾಗ ಕೂಡ ಒಂದೊಂದು ಗೆರೆಯ ಪಾಲಿಗೆ ಬರುವುದು ೧,೬೦೦ನ್ನು ೩೭೭ರಿಂದ ಭಾಗಿಸಿದಷ್ಟು, ಅಂದರೆ ೪ ಮಿಲಿಮೀಟರಿಗಿಂತ ತುಸು ಹೆಚ್ಚು. ಇದಕ್ಕಿಂತ ಸಣ್ಣ ವಿವರವನ್ನು ಅಂಥ ದೃಶ್ಯದಲ್ಲಿ ಆ ಕಾಲದ ಯಾವ ವೀಕ್ಷಕನೂ ಕಾಣಲಿಲ್ಲ, ಕಾಣುವುದು ಸಾಧ್ಯವೂ ಇರಲಿಲ್ಲ. ಡೇಲೆಕ್‌ನ ಮೈಮೇಲೆ ೫೬ ಅರ್ಧಗೋಲಗಳಿವೆ. ಒಂದೊಂದರ ಅಡ್ಡಳತೆ ಸುಮಾರು ೧೦೦ ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಒಂದು ಗೆರೆಯ ಕಾಲುಭಾಗವೂ ಆಗದು.

'ಸ್ಟಾರ್ ಟ್ರೆಕ್' ನಾಟಕದ ವಿಷಯ ಬೇರೆ ಎನ್ನಬಹುದು. ಅದನ್ನು ೩೫ ಮಿಲಿಮೀಟರ್ ಫಿಲ್ಮಿನ ಮೇಲೆ ಚಿತ್ರೀಕರಿಸಿದ್ದರು. ಅಂದಿನ ಅಮೆರಿಕದ ೫೨೫ ಗೆರೆಗಳ ಪ್ರಸಾರದಲ್ಲಿ ಅಡಗಿಹೋಗಿದ್ದ ವಿವರಗಳು ಇಂದು ಅದೇ ಫಿಲ್ಮಿನಿಂದ ತೆಗೆದ ೧,೦೮೦ ಗೆರೆಗಳ ಚಿತ್ರದಲ್ಲಿ ಬೆಳಕಿಗೆ ಬರುತ್ತವೆ. ಇರಲಿ. ೧೦೦ ಮಿಲಿಮೀಟರ್ ಉದ್ದದ ಒಂದು ಉಪಕರಣ ಪರದೆಯ ಅರ್ಧ ಎತ್ತರವನ್ನು ತುಂಬಿದೆ ಎಂದುಕೊಳ್ಳೋಣ. ಆಗ ಅದರ ಪಾಲಿಗೆ ೫೪೦ ಗೆರೆಗಳು; ಗೆರೆಯೊಂದಕ್ಕೆ ಸುಮಾರು ೦.೨ ಮಿಲಿಮೀಟರ್. ನಮ್ಮ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುವ ಸಾಧಾರಣ ವರ್ನಿಯರ್ ಕ್ಯಾಲಿಪರ್ಸ್ ೦.೧ ಮಿಲಿಮೀಟರ್‌ವರೆಗೆ ಅಳೆಯುತ್ತದೆ. ಎಂದಮೇಲೆ ಇಂಥ ದೃಶ್ಯ ತೋರಿಸಬಲ್ಲ ಸೂಕ್ಷ್ಮತೆಯನ್ನು ಸಾಧಿಸಲು ಒಂದು ವರ್ನಿಯರ್ ಸಾಕು. ಹಳೆಯ ಬಿಡಿಭಾಗವೇ ಬೇಕೆಂಬ ವಾದಕ್ಕೆ ಇಲ್ಲಿ ನೆಲೆಯೆಲ್ಲಿದೆ?

"ನಾವು ಅನುಕರಿಸುವುದು ಚಿತ್ರವನ್ನಲ್ಲ, ವಸ್ತುವನ್ನು" ಎಂದು ಹವ್ಯಾಸಿಗಳು ಉತ್ತರಿಸಬಹುದು. ಇದು ತೂಕವುಳ್ಳ ಮಾತು. ಆದರೆ ವಸ್ತುವೇ ಗುರಿಯಾದರೆ ಮಾಡಬೇಕಾದುದು ಅದನ್ನು ಅಳೆಯುವುದು, ಒಡೆಯುವುದಲ್ಲ. ಒಡೆದ ಅಸಲು ಒಬ್ಬನಿಗೆ ಒದಗುತ್ತದೆ; ಅಳೆದ ಅಸಲು ಸಾವಿರ ಮಂದಿಗೆ ಒದಗುತ್ತದೆ. ಲಂಡನ್ನಿನ 'ರೇಡಿಯೋ ಟೈಮ್ಸ್' ಪತ್ರಿಕೆ ೧೯೭೩ರಲ್ಲಿ, 'ಡಾಕ್ಟರ್ ಹೂ' ಹತ್ತು ವರ್ಷ ತುಂಬಿದ ಸಂದರ್ಭದ ವಿಶೇಷ ಸಂಚಿಕೆಯಲ್ಲಿ, ಡೇಲೆಕ್‌ನ್ನು ಮನೆಯಲ್ಲೇ ಕಟ್ಟುವುದಕ್ಕೆ ನಕ್ಷೆಗಳನ್ನು ಅಚ್ಚುಮಾಡಿತು. ಆ ಹಾಳೆಗಳನ್ನು ಮುಂದಿಟ್ಟುಕೊಂಡು ಕೆಲಸಕ್ಕೆ ತೊಡಗಿದವರು ಯಾವ ಹಳೆಯ ಯಂತ್ರವನ್ನೂ ಬಲಿಗೊಡಬೇಕಾಗಿರಲಿಲ್ಲ.

ಅಳತೆಯಷ್ಟೇ ಮುಖ್ಯವಾದುದು ಬಿಡಿಭಾಗ ಮಾಡುವ ಕೆಲಸದ ತಿಳಿವಳಿಕೆ. 'ಸ್ಟಾರ್ ಟ್ರೆಕ್' ನಾಟಕದ ಅಂಗೈಯಗಲದ ಸಂದೇಶಯಂತ್ರವನ್ನು ರಚಿಸಿದವರು ವಾ ಚಾಂಗ್ ಎಂಬ ಶಿಲ್ಪಿ. ಹತ್ತಿರದಿಂದ ತೋರಿಸುವುದಕ್ಕೆಂದು ಮಾಡಿದ ಯಂತ್ರದಲ್ಲಿ ಸುತ್ತುವ ಒಂದು ಬಿಲ್ಲೆಯಿದ್ದಿತು. ಅದರ ಮೇಲೆ ಅಲೆಯಲೆಯಾದ ಚಿತ್ತಾರ ಹರಿದಾಡುವಂತೆ ಕಾಣುತ್ತಿತ್ತು. ಬಿಲ್ಲೆಯನ್ನು ಸುತ್ತಿಸುತ್ತಿದ್ದುದು ಒಂದು ಸ್ಟಾಪ್‌ವಾಚಿನ ಯಂತ್ರ. ಇದನ್ನು ತಿಳಿದವರು ಹಳೆಯ ಸ್ಟಾಪ್‌ವಾಚುಗಳ ಬೇಟೆಗೆ ಹೊರಡುವುದು ಸಹಜ. ಆದರೆ ಚಿತ್ತಾರದ ಗುಟ್ಟು ಗಡಿಯಾರದಲ್ಲಿಲ್ಲ. ಸಮಾನ ದೂರದಲ್ಲಿ ಗೆರೆಗಳನ್ನು ಎಳೆದ ಎರಡು ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕೊಂಚ ತಿರುಗಿಸಿದರೆ ಅಗಲವಾದ ಪಟ್ಟೆಗಳು ಮೂಡುತ್ತವೆ. ಇವಕ್ಕೆ ಮೊಯಿರೆ ಪಟ್ಟೆಗಳೆಂದು ಹೆಸರು. ಗೆರೆಗಳ ಅಂತರ ೧ ಮಿಲಿಮೀಟರ್, ಹಾಳೆಗಳ ನಡುವಣ ಕೋನ ೧/೨೦ ರೇಡಿಯನ್, ಅಂದರೆ ಸುಮಾರು ೩ ಡಿಗ್ರಿ ಆದರೆ ಪಟ್ಟೆಗಳ ಅಂತರ ೨೦ ಮಿಲಿಮೀಟರ್. ಕೋನ ತುಸು ಬದಲಾದರೂ ಪಟ್ಟೆಗಳು ಬಹಳ ದೂರ ಸರಿಯುತ್ತವೆ. ಈ ತತ್ತ್ವವನ್ನು ಅರಿತವನಿಗೆ ಎರಡು ಹಾಳೆಗಳೂ ಇಂದಿನ ಒಂದು ಚಿಕ್ಕ ಮೋಟಾರೂ ಸಾಕು; ಯಾರ ತಾತನ ಸ್ಟಾಪ್‌ವಾಚೂ ಬೇಕಿಲ್ಲ. ಮೇಲೆ ಹೇಳಿದ ಮಸೂರಪಟ್ಟಿಯೂ ಹೀಗೆಯೇ. ಕೆಡದ ಒಂದು ಪಟ್ಟಿಯಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ತಿಳಿಯಾದ ರಾಳವನ್ನು ಎರಕ ಹೊಯ್ದರೆ ಬೇಕಾದಷ್ಟು ಪಟ್ಟಿಗಳು ಸಿದ್ಧವಾಗುತ್ತವೆ. ಫ್ಲ್ಯಾಷ್ ಹಿಡಿಗಳನ್ನು ಕೂಡ ಈಗ ಹೊಸದಾಗಿ ಮಾಡಿ ಮಾರುತ್ತಾರೆ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಹವ್ಯಾಸಿಗಳ ಸೂಕ್ಷ್ಮ ದೃಷ್ಟಿಯಿಂದ ಲಾಭವೂ ಆಗಿದೆ. 'ಸ್ಟಾರ್ ಟ್ರೆಕ್' ನೌಕೆಯ ಕುರ್ಚಿಗಳನ್ನು ನೋಡಿದವರು ಅವು ಪ್ರಸಿದ್ಧ ವಾಸ್ತುಶಿಲ್ಪಿ ಸಾರಿನೆನ್ ಅವರ ಟ್ಯೂಲಿಪ್ ಕುರ್ಚಿಗಳೆಂದೇ ಭಾವಿಸುವುದುಂಟು. ಚಿತ್ರಗಳನ್ನೂ ಉಳಿದ ಕುರ್ಚಿಗಳನ್ನೂ ಹೋಲಿಸಿ, ಅವು ಡಲ್ಲಾಸ್ ನಗರದ ಬರ್ಕ್ ಕಂಪನಿಯವೆಂದು ಗುರುತಿಸಿದವರು ಹವ್ಯಾಸಿಗಳು. ಇದು ವೀಕ್ಷಣೆ, ಹೋಲಿಕೆ, ತೀರ್ಮಾನ ಎಂಬ ವೈಜ್ಞಾನಿಕ ಕ್ರಮವೇ ಹೊರತು ಬೇರೆಯಲ್ಲ. ಹುಡುಕಾಟ ಇಲ್ಲಿಗೆ ನಿಂತರೆ ಅದು ವಿದ್ಯೆ. ತಿರುಪುಳಿ ಹಿಡಿದು ಮುಂದೆ ಹೋದರೆ ನಷ್ಟ.

ತಿರುಪುಳಿಯಿಂದ ಆಗುವ ನಷ್ಟ ವಸ್ತುವಿಗೆ ಮಾತ್ರವೂ ಅಲ್ಲ. ಹಳೆಯ ವಿಮಾನದ ಮಾಪಕಗಳ ಮುಖಫಲಕಕ್ಕೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಇಂದು ಅದು ಹೊಳೆಯದಿರಬಹುದು. ಅದಕ್ಕೆ ಕಾರಣ ಹೊಳೆಯುವ ಸತುವಿನ ಸಲ್ಫೈಡು ಸವೆದುದು, ರೇಡಿಯಂ ಮುಗಿದುದಲ್ಲ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು ೧,೬೦೦ ವರ್ಷ ಬೇಕು. ಅಂಥ ಫಲಕವನ್ನು ಕೆರೆದು ಆ ಪುಡಿಯನ್ನು ಉಸಿರಾಡುವುದು ಅಪಾಯಕರ. ಹಳೆಯ ವರ್ಣ ಟೆಲಿವಿಷನ್ನಿನ ಚಿತ್ರನಳಿಗೆ ೨೫,೦೦೦ ವೋಲ್ಟಿನಷ್ಟು ಒತ್ತಡ ಕೊಡುತ್ತಿದ್ದರು. ತಂತಿ ಕಿತ್ತ ಮೇಲೂ ವಿದ್ಯುತ್ತು ಅದರಲ್ಲಿ ಉಳಿದಿರಬಹುದು. ಒಳಗೆ ನಿರ್ವಾತವಿರುವುದರಿಂದ ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ. ತಿಳಿದವರ ಮೇಲ್ವಿಚಾರಣೆಯಿಲ್ಲದೆ ಇವುಗಳನ್ನು ಮುಟ್ಟಲೇಬಾರದು.

ಇಂಗ್ಲೆಂಡ್, ಅಮೆರಿಕಗಳ ಈ ಹವ್ಯಾಸದಿಂದ ನಮ್ಮ ವಿದ್ಯಾರ್ಥಿಗಳಿಗೇನು ಎಂದು ವಾಚಕರು ಕೇಳಬಹುದು. ನಮ್ಮ ಶಾಲೆ ಕಾಲೇಜುಗಳಲ್ಲಿಯೂ ವಿಜ್ಞಾನ ನಾಟಕಗಳನ್ನು ಆಡುತ್ತಾರೆ. ಅವಕ್ಕೂ ಆಕಾಶನೌಕೆ, ಯಂತ್ರಮಾನವ, ನಿಯಂತ್ರಣ ಫಲಕಗಳು ಬೇಕಾಗುತ್ತವೆ. ನಮ್ಮ ಪ್ರಯೋಗಾಲಯಗಳ ಅಲಮಾರುಗಳಲ್ಲಿಯೂ ಮರದ ಪೆಟ್ಟಿಗೆಯ ಗ್ಯಾಲ್ವನೋಮೀಟರುಗಳು, ಹಿತ್ತಾಳೆಯ ಬಿರಡೆಗಳ ಪೋಸ್ಟ್ ಆಫೀಸ್ ಪೆಟ್ಟಿಗೆಗಳು ಧೂಳು ಹಿಡಿದು ಕುಳಿತಿವೆ. ಪಠ್ಯದಿಂದ ಬಿಟ್ಟುಹೋದ ಇವನ್ನು ಬಿಚ್ಚಿ ನೌಕೆಯ ಫಲಕಕ್ಕೆ ಅಂಟಿಸುವ ಆಸೆ ಯಾರಿಗಾದರೂ ಹುಟ್ಟೀತು. ವಿದ್ಯಾರ್ಥಿಗಳೇ, ಆ ಆಸೆಯನ್ನು ತಡೆಯಿರಿ. ಉಪಕರಣದ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿರಿ, ವರ್ನಿಯರಿನಿಂದ ಅಳೆದು ಬರೆದುಕೊಳ್ಳಿರಿ, ರಟ್ಟಿನಲ್ಲೋ ಮರದಲ್ಲೋ ನಕಲು ಮಾಡಿರಿ. ಸ್ವಿಚ್ಚು, ದೀಪ, ಚಿಕ್ಕ ಮೋಟಾರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸವೇ ದೊರೆಯುತ್ತವೆ. ಹಳೆಯ ಭಾಗವೇ ಬೇಕಾದರೆ ದುರಸ್ತಿಗೆ ಮೀರಿ ಕೆಟ್ಟುಹೋದುದನ್ನು ಆರಿಸಿ, ಅದು ಯಾವ ಯಂತ್ರದ್ದೆಂದು ಬರೆದಿಡಿರಿ. ಮಾಡಿದ ನಕಲಿನ ಒಳಗೆ ನಿಮ್ಮ ಹೆಸರನ್ನೂ ವರ್ಷವನ್ನೂ ಕೆತ್ತಿರಿ. ಮುಂದೆ ಯಾರೂ ಅದನ್ನು ಅಸಲೆಂದು ಮಾರಿ ಮತ್ತೊಬ್ಬರನ್ನು ವಂಚಿಸುವಂತಾಗಬಾರದು.

'ಸ್ಟಾರ್ ಟ್ರೆಕ್' ಚಿತ್ರೀಕರಣಕ್ಕೆ ಬಳಸಿದ, ಮೂರು ಮೀಟರಿಗಿಂತ ಉದ್ದವಾದ ನೌಕೆಯ ಮಾದರಿ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿದೆ. ೨೦೧೬ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದ ತಜ್ಞರು ಅದರ ಮೇಲ್ಭಾಗದಲ್ಲಿ ಉಳಿದಿದ್ದ ೧೯೬೦ರ ದಶಕದ ಬಣ್ಣವನ್ನು ಅಳಿಸದೆ ಹಾಗೆಯೇ ಕಾಪಾಡಿದರು. ಎಂದೂ ಹಾರದ ನೌಕೆಯ ಬಣ್ಣಕ್ಕೆ ಅಷ್ಟು ಮನ್ನಣೆ ಸಲ್ಲುವುದಾದರೆ, ಒಂದು ಕಾಲದಲ್ಲಿ ನಿಜವಾಗಿ ವಿದ್ಯುತ್ತನ್ನು ಅಳೆದ, ಬೆಳಕನ್ನು ಹಿಡಿದ, ಲೆಕ್ಕವನ್ನು ಮಾಡಿದ ಉಪಕರಣಕ್ಕೆ ಕೊನೆಯ ಪಕ್ಷ ಅದರ ತಿರುಪುಗಳನ್ನಾದರೂ ಅದರಲ್ಲಿಯೇ ಬಿಡುವಷ್ಟು ಮನ್ನಣೆ ಸಲ್ಲಬೇಡವೆ?