ಶಾಲೆಯ ಸುರುಳಿ

ಬೀಟಲ್ಸ್ ತಂಡದ ಹಾಡನ್ನು ಕೇಳದವರೂ ಅವರ ಕಛೇರಿಗಳ ಗದ್ದಲದ ಕಥೆಯನ್ನು ಕೇಳಿಯಾರು. ಅಭಿಮಾನಿಗಳ ಕಿರಿಚಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸದಂತಾಗಿತ್ತು. ಆ ಹುಚ್ಚುಹೊಳೆ ಹರಿಯುವ ಮುನ್ನ ಈ ನಾಲ್ವರು ಹೇಗೆ ಹಾಡುತ್ತಿದ್ದರೆಂಬುದಕ್ಕೆ ಅಪೂರ್ವ ಸಾಕ್ಷಿಯೊಂದು 2023ರಲ್ಲಿ ಬೆಳಕಿಗೆ ಬಂದಿತು.

1963ರ ಏಪ್ರಿಲ್ 4. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನ ಸ್ಟೋವ್ ಶಾಲೆ. ತಂಡದ ಪ್ರಥಮ ಎಲ್.ಪಿ. ತಟ್ಟೆ ಹೊರಬಿದ್ದು ಇನ್ನೂ ಎರಡು ವಾರ ತುಂಬಿರಲಿಲ್ಲ. ವಿದ್ಯಾರ್ಥಿಯೊಬ್ಬನು ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನರಿಗೆ ಕಾಗದ ಬರೆದು, 100 ಪೌಂಡಿಗೆ ಒಪ್ಪಿಸಿ ತಂಡವನ್ನು ಕರೆಸಿದ್ದನು. ಹುಡುಗನ ಎದೆಗಾರಿಕೆಯನ್ನು ಮೆಚ್ಚಲೇಬೇಕು! 15 ವರ್ಷದ ಇನ್ನೊಬ್ಬನಿಗೆ ಯಂತ್ರಗಳ ಗೀಳು. ಅವನು ತನ್ನ ಟೇಪ್ ರಿಕಾರ್ಡರನ್ನು ಹೂಡಿ ಕುಳಿತನು. ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಹಾಡಿನಿಂದ ಮೊದಲಾಗಿ ಸುಮಾರು ಒಂದು ಗಂಟೆಯ ಕಛೇರಿ ಕಾಲಂಗುಲ ಅಗಲದ ಸುರುಳಿಯಲ್ಲಿ ಸೆರೆಯಾಯಿತು.

ಅಂದಿನ ಶ್ರೋತೃಗಳು ಬಹುಮಟ್ಟಿಗೆ ಗಂಡುಹುಡುಗರೇ. ಎಂದೇ ಕಿರಿಚಾಟವು ಗಾನವನ್ನು ನುಂಗಲಿಲ್ಲ. ಸ್ವಂತ ರಚನೆಗಳ ನಡುನಡುವೆ ಚಕ್ ಬೆರ್ರಿಯಂಥ ಅಮೆರಿಕದ ಹಿರಿಯರ ಹಾಡುಗಳು, ಗಾಯಕರ ಹಾಸ್ಯ, ತಮಗೆ ಬೇಕಾದ ಹಾಡಿಗಾಗಿ ಹುಡುಗರು ಕೂಗಿ ಕೇಳುವ ಸದ್ದು, ಎಲ್ಲವೂ ಅಲ್ಲಿ ಉಳಿದಿವೆ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ತಟ್ಟೆಗಳಲ್ಲಿ ಈ ಸಲಿಗೆ ಎಲ್ಲಿ ಬರಬೇಕು?

ಧ್ವನಿಸುರುಳಿ ಅಲ್ಪಾಯುಷಿ, ತೇವಕ್ಕೆ, ಧೂಳಿಗೆ ಬಲುಬೇಗ ಬಲಿಯಾಗುವ ವಸ್ತು. ಆ ಹುಡುಗನು ಮುದುಕನಾಗುವವರೆಗೂ ಅದನ್ನು ಜೋಪಾನವಾಗಿಟ್ಟಿದ್ದನು. 60 ವರ್ಷಗಳ ಮೇಲೆ ಬಿ.ಬಿ.ಸಿ. ಬಾನುಲಿಯ ಮೂಲಕ ಲೋಕಕ್ಕೆ ಅದರ ಸುದ್ದಿ ಮುಟ್ಟಿತು. ಅಷ್ಟು ಹೊತ್ತಿಗೆ ಲೆನನ್ 1980ರಲ್ಲಿ, ಹ್ಯಾರಿಸನ್ 2001ರಲ್ಲಿ ತೀರಿಹೋಗಿದ್ದರು. ಸುರುಳಿಯಲ್ಲಿ ಹಾಡುವಾಗ ಒಬ್ಬನಿಗೆ 22, ಇನ್ನೊಬ್ಬನಿಗೆ 20.